ಸಿಟ್ಟಿಗೊಂದು ವಿಳಾಸ: ಕರಾವಳಿಯ ನಾಗರಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಮತ್ತು ಮಂಗಳೂರಿನ ನಡುವೆ, ರಾಷ್ಟ್ರೀಯ ಹೆದ್ದಾರಿಗೆ ತಾಗಿಕೊಂಡಿರುವ ಊರೊಂದರಲ್ಲಿ ಕುಳಿತು ನೆರೆಹೊರೆಯವರಿಗೆ ಮನವಿ, ಆಕ್ಷೇಪಣೆ ಮತ್ತು ಮಾಹಿತಿ ಹಕ್ಕಿನ ಅರ್ಜಿಗಳನ್ನು ಬರೆದುಕೊಡುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಬರೆಸಿಕೊಳ್ಳಲು ಬರುವವರು ಸಮಸ್ಯೆಯನ್ನು ಹೇಳುವ ಮೊದಲು ತಮ್ಮ ಸಿಟ್ಟನ್ನು ಹೇಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಆ ಮಾತಿನ ಕಾವು ಏರಿದೆ. ಆ ಮಾತುಗಳ ನಡುವೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನೂ ಅವುಗಳಿಗೆ ನನಗೆ ತಿಳಿದ ಉತ್ತರಗಳನ್ನೂ ಇಲ್ಲಿ ಒಟ್ಟುಮಾಡಿದ್ದೇನೆ.

ರಾಜಕೀಯದ ಮೇಲೆ ಇಷ್ಟೊಂದು ಸಿಟ್ಟು ಇಟ್ಟುಕೊಳ್ಳುವುದು ಸರಿಯೇ?

ಸರಿಯೇ. ಸಂವಿಧಾನದ 19ನೆಯ ವಿಧಿ ಮಾತಿನ ಸ್ವಾತಂತ್ರ್ಯವನ್ನೂ ನಿರಾಯುಧರಾಗಿ, ಶಾಂತಿಯಿಂದ ಒಂದೆಡೆ ಸೇರುವ ಸ್ವಾತಂತ್ರ್ಯವನ್ನೂ ಕೊಡುವಾಗ ಅದು ತೃಪ್ತರಿಗೆ ಮಾತ್ರ ಎಂದು ಎಲ್ಲಿಯೂ ಹೇಳಿಲ್ಲ. ಈ ಸೀಮೆಯ ಚರಿತ್ರೆಯನ್ನು ತಿರುವಿದರೂ ಸಿಟ್ಟು ಹೊಸದಲ್ಲವೆಂದು ತಿಳಿಯುತ್ತದೆ. ಕಂದಾಯವನ್ನು ಧಾನ್ಯದ ಬದಲು ನಾಣ್ಯದಲ್ಲಿಯೇ ಕಟ್ಟಬೇಕೆಂಬ ಕಂಪನಿ ಸರಕಾರದ ಒತ್ತಾಯದಿಂದ ಬೇಸತ್ತ ಸುಳ್ಯ ಸೀಮೆಯ ರೈತರು 1837ರ ಏಪ್ರಿಲ್‌ನಲ್ಲಿ ಮಂಗಳೂರಿನವರೆಗೆ ನಡೆದು ಬಂದು ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜವನ್ನು ಏರಿಸಿದರು.

ಆದರೆ ಬರೆದುಕೊಡುವ ಕೆಲಸ ಮಾಡುವ ನನಗೆ ಅದಕ್ಕಿಂತ ಹತ್ತಿರವಾದ ಉದಾಹರಣೆ ಗೇಣಿದಾರರದು. ತಲೆಮಾರುಗಳ ಕಾಲ ಗೇಣಿ ಅಳೆದು ಅಳೆದು ಬಂದ ಸಿಟ್ಟು ರೈತ ಸಂಘಟನೆಗಳಾಗಿ, ಮೆರವಣಿಗೆಗಳಾಗಿ ಬೆಳೆದು, 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ನಂತರ ಕೊನೆಗೆ ಒಂದು ಹಾಳೆಯ ರೂಪ ಪಡೆಯಿತು. ಅದು ನಮೂನೆ 7, ಜನರ ಬಾಯಲ್ಲಿ ‘ಡಿಕ್ಲರೇಶನ್’. ಆ ಅರ್ಜಿಯನ್ನು ಭೂನ್ಯಾಯ ಮಂಡಳಿಗೆ ಕೊಟ್ಟ ಒಕ್ಕಲು ಭೂಮಿಯ ಒಡೆಯನಾದ. ಹೆದರಿಕೆಯಿಂದಲೋ ದಾಕ್ಷಿಣ್ಯದಿಂದಲೋ ಕೊಡದೆ ಉಳಿದವನು ಅದೇ ಸಿಟ್ಟನ್ನು ಇಟ್ಟುಕೊಂಡೇ ತೀರಿಕೊಂಡ. ‘ಡಿಕ್ಲರೇಶನ್‌ನಲ್ಲಿ ಸಿಕ್ಕಿದ ಗದ್ದೆ’ ಎಂಬ ಮಾತು ನಮ್ಮ ಕಡೆ ಇಂದಿಗೂ ಉಂಟು. ನನ್ನ ಬಳಿಗೆ ಬರುವ ಯುವಕರಿಗೆ ನಾನು ಮೊದಲು ಹೇಳುವ ಕಥೆ ಇದು.

ನಮ್ಮ ಎರಡು ಜಿಲ್ಲೆಗಳಲ್ಲಿ ಈ ಸಿಟ್ಟು ಹೆಚ್ಚುತ್ತಿರುವುದು ಏಕೆ?

ಒಂದೇ ಕಾರಣ ಹೇಳಿದರೆ ಸುಳ್ಳಾದೀತು. ಆದರೂ ಬಂದವರ ಮಾತುಗಳಲ್ಲಿ ಮರುಕಳಿಸುವ ಒಂದು ಸ್ವರವಿದೆ: ‘ನಮ್ಮನ್ನು ಯಾರೂ ಕೇಳಲಿಲ್ಲ.’

ಬ್ಯಾಂಕುಗಳ ವಿಷಯವನ್ನೇ ನೋಡಿ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಅಲ್ಲಿಯೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಈ ಮೂರೂ 2019 ಮತ್ತು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ವಿಲೀನದ ಆರ್ಥಿಕ ಲೆಕ್ಕಾಚಾರ ಏನೇ ಇರಲಿ, ಪಾಸುಪುಸ್ತಕದ ಮೇಲೆ ಅಜ್ಜನ ಕಾಲದಿಂದ ಇದ್ದ ಹೆಸರು ಅಳಿಸಿಹೋದಾಗ ಇಲ್ಲಿನ ಜನರಿಗೆ ಆದ ನೋವನ್ನು ಕೇಳುವವರಿರಲಿಲ್ಲ. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ ವರ್ಷಗಟ್ಟಲೆ ನೆನೆಗುದಿಗೆ ಬಿದ್ದು 2020ರ ಜನವರಿ 31ರಂದು ತೆರೆಯುವ ಹೊತ್ತಿಗೆ ಜನರ ತಾಳ್ಮೆ ತೀರಿ, ಆ ಸೇತುವೆ ಊರೂರಿನ ನಗೆಮಾತಾಗಿತ್ತು. ಘಟ್ಟದ ತಪ್ಪಲಿನಲ್ಲಿ, ಅಲ್ಲಿನ ಊರುಗಳನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿದ ಕಸ್ತೂರಿರಂಗನ್ ವರದಿಯ ಭಯ, ನೇತ್ರಾವತಿಯ ಸುತ್ತ, ಘಟ್ಟದ ಹೊಳೆಗಳ ನೀರನ್ನು ಬಯಲುಸೀಮೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಆತಂಕ; 2025ರಲ್ಲಿ ಮರಳು ಮತ್ತು ಕೆಂಪುಕಲ್ಲು ಸಿಗದೆ ಕಟ್ಟಡ ಕೆಲಸ ನಿಂತುಹೋದಾಗ ದಿನಗೂಲಿಯವರ ಸಂಕಟ.

ಇನ್ನೊಂದು ಕಾರಣವನ್ನು ಜನ ಅಷ್ಟಾಗಿ ಹೇಳುವುದಿಲ್ಲ, ಆದರೆ ಅದು ದೊಡ್ಡದೆಂದು ನನಗೆ ಅನಿಸುತ್ತದೆ. ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಗ್ರಾಮದ ಸದಸ್ಯನಿಗೂ ಶಾಸಕನಿಗೂ ನಡುವೆ ಇದ್ದ ಎರಡು ಮೆಟ್ಟಿಲುಗಳು ಹೀಗೆ ಖಾಲಿಯಾದವು. ಮಾತು ಕೇಳಿಸಿಕೊಳ್ಳುವ ಬಾಗಿಲು ಮುಚ್ಚಿದಾಗ ದನಿ ಸಹಜವಾಗಿಯೇ ಜೋರಾಗುತ್ತದೆ. ಇದರ ಜೊತೆಗೆ ದಕ್ಷಿಣ ಕನ್ನಡದ ಲೋಕಸಭಾ ಸ್ಥಾನವನ್ನು 1991ರಿಂದ ಒಂದೇ ಪಕ್ಷ ಗೆಲ್ಲುತ್ತ ಬಂದಿದೆ. ಯಾವ ಪಕ್ಷವೇ ಆಗಲಿ, ಫಲಿತಾಂಶ ಮೊದಲೇ ಗೊತ್ತಿದೆ ಎಂದು ಎಲ್ಲರೂ ಭಾವಿಸಿಬಿಟ್ಟ ಕಡೆ ಗೆಲ್ಲುವವನಿಗೆ ಮತದಾರನ ಮುನಿಸಿನ ಭಯ ಕಡಿಮೆ, ಸೋಲುವವನಿಗೆ ಅದನ್ನು ಕೇಳಿಸಿಕೊಳ್ಳುವ ಉತ್ಸಾಹ ಕಡಿಮೆ.

ಯಾರ ಮೇಲೆ ಸಿಟ್ಟಾಗಬೇಕೆಂದೇ ಗೊತ್ತಾಗುವುದಿಲ್ಲ. ಏನು ಮಾಡಲಿ?

ಈ ಪ್ರಶ್ನೆಯನ್ನು ಕೇಳಿದವರು ಅರ್ಧ ದಾರಿ ನಡೆದಂತೆಯೇ. ‘ಸರಕಾರ’ ಎಂದು ನಾವು ಒಟ್ಟಾಗಿ ಕರೆಯುವುದು ಹಲವು ಕಚೇರಿಗಳ ಗುಂಪು, ಮತ್ತು ಒಂದು ಕಚೇರಿಯ ತಪ್ಪಿಗೆ ಇನ್ನೊಂದು ಕಚೇರಿಯ ಮುಂದೆ ಕೂಗಿದರೆ ಆ ಕೂಗು ಗಾಳಿಗೆ ಹೋಗುತ್ತದೆ. ಮಳೆಗಾಲದಲ್ಲಿ ಹೊಂಡ ಬಿದ್ದ ರಸ್ತೆಯನ್ನೇ ತೆಗೆದುಕೊಳ್ಳಿ. ಅದು ರಾಷ್ಟ್ರೀಯ ಹೆದ್ದಾರಿ 66 ಆಗಿದ್ದರೆ ಹೆದ್ದಾರಿ ಪ್ರಾಧಿಕಾರದ ಹೊಣೆ, ಅದರ ಸಹಾಯವಾಣಿ 1033. ರಾಜ್ಯ ಹೆದ್ದಾರಿಯಾಗಿದ್ದರೆ ಲೋಕೋಪಯೋಗಿ ಇಲಾಖೆ. ಒಳರಸ್ತೆಯಾಗಿದ್ದರೆ ಊರನ್ನು ನೋಡಿಕೊಂಡು ಮಹಾನಗರ ಪಾಲಿಕೆ, ನಗರಸಭೆ ಅಥವಾ ಗ್ರಾಮ ಪಂಚಾಯತಿ. ವಿದ್ಯುತ್ತಿನದಾದರೆ ಮೆಸ್ಕಾಂ, ಸಹಾಯವಾಣಿ 1912. ದರ ಏರಿಕೆಯ ಬಗ್ಗೆ ಸಿಟ್ಟಿದ್ದರೆ ಅದನ್ನು ಹೇಳಬೇಕಾದದ್ದು ಲೈನ್‌ಮನ್‌ಗೆ ಅಲ್ಲ, ದರ ಪರಿಷ್ಕರಣೆಗೆ ಮುನ್ನ ವಿದ್ಯುತ್ ನಿಯಂತ್ರಣ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ. ಕೈಗಾರಿಕಾ ಯೋಜನೆಯ ವಿಷಯವಾದರೆ, 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಬರುವ ಯೋಜನೆಗಳಿಗೆ ಕನಿಷ್ಠ 30 ದಿನಗಳ ಮುನ್ಸೂಚನೆಯೊಂದಿಗೆ ಅಹವಾಲು ಸಭೆ ನಡೆಯಬೇಕು, ಮತ್ತು ಅಲ್ಲಿ ಹೇಳಿದ ಪ್ರತಿಯೊಂದು ಮಾತೂ ನಡಾವಳಿಯಲ್ಲಿ ದಾಖಲಾಗಬೇಕು.

ಬಂದವರಿಗೆ ನಾನು ಮೂರು ಪ್ರಶ್ನೆ ಕೇಳುತ್ತೇನೆ. ತಪ್ಪಾದ ನಿರ್ಧಾರ ಯಾವುದು? ಅದಕ್ಕೆ ಸಹಿ ಹಾಕಿದವರು ಯಾರು? ಅದನ್ನು ಬದಲಾಯಿಸುವ ಅಧಿಕಾರ ಯಾರಿಗಿದೆ? ಈ ಮೂರಕ್ಕೂ ಉತ್ತರ ಬರೆಯಲು ಕುಳಿತಾಗ ಅನೇಕರ ಮುಖದ ಭಾವವೇ ಬದಲಾಗುವುದನ್ನು ಕಂಡಿದ್ದೇನೆ. ಸಿಟ್ಟು ಹೋಗಿರುವುದಿಲ್ಲ, ಆದರೆ ಅದಕ್ಕೆ ಒಂದು ವಿಳಾಸ ಸಿಕ್ಕಿರುತ್ತದೆ.

ಮನವಿ ಕೊಟ್ಟು ಕೊಟ್ಟು ಸಾಕಾಗಿದೆ. ಅದರಿಂದ ಏನಾದರೂ ಆಗುತ್ತದೆಯೇ?

ಹೇಗೆ ಕೊಟ್ಟಿರಿ ಎಂಬುದರ ಮೇಲೆ ಅದು ನಿಂತಿದೆ. ನನ್ನ ಮೊದಲ ಮನವಿ ನಾಲ್ಕು ಪುಟದ್ದಾಗಿತ್ತು. ನಮ್ಮ ಬೀದಿಯ ತೋಡಿಗೆ ಯಾರೋ ಮಣ್ಣು ತುಂಬಿಸಿ, ಪ್ರತಿ ಜೂನ್‌ನಲ್ಲಿಯೂ ಐದಾರು ಮನೆಗಳ ಅಂಗಳಕ್ಕೆ ಕೊಳಕು ನೀರು ನುಗ್ಗುತ್ತಿತ್ತು. ಆಡಳಿತದ ಭ್ರಷ್ಟತೆ, ಜನಪ್ರತಿನಿಧಿಗಳ ನಿರ್ಲಕ್ಷ್ಯ, ದೇಶದ ಭವಿಷ್ಯ ಎಲ್ಲವನ್ನೂ ಅದರಲ್ಲಿ ಬರೆದಿದ್ದೆ. ‘ಮುಂದಿನ ಕ್ರಮಕ್ಕಾಗಿ ಕಳುಹಿಸಿದೆ’ ಎಂಬ ಒಂದು ಸಾಲಿನ ಹಿಂಬರಹ ಬಂತು, ಅಷ್ಟೇ. ಮರುವರ್ಷ ಹಿರಿಯ ಗುಮಾಸ್ತರೊಬ್ಬರ ಸಲಹೆಯಂತೆ ಆರು ಸಾಲು ಬರೆದೆ: ಸರ್ವೆ ನಂಬರು, ತೋಡಿನ ಅಗಲ ದಾಖಲೆಯಲ್ಲಿ ಎಷ್ಟಿದೆ, ಸ್ಥಳದಲ್ಲಿ ಎಷ್ಟಿದೆ, ಎರಡು ಫೋಟೋ, ಮನೆಯವರೆಲ್ಲರ ಸಹಿ, ಮತ್ತು ಯಾವ ದಿನಾಂಕದೊಳಗೆ ಅಳತೆ ಮಾಡಿಸುವಿರಿ ಎಂಬ ಪ್ರಶ್ನೆ. ಮೂರು ವಾರದೊಳಗೆ ಸರ್ವೆಯವರು ಬಂದರು. ತೋಡು ಪೂರ್ತಿ ತೆರವಾಗಲು ಇನ್ನೊಂದು ಮಳೆಗಾಲ ಕಳೆಯಿತು, ಆದರೆ ತೆರವಾಯಿತು.

ಆದುದರಿಂದ ಒಂದು ಮನವಿಯಲ್ಲಿ ಒಂದೇ ವಿಷಯವಿರಲಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮುದ್ರೆಯಿಲ್ಲದ ಮನವಿಯ ಬಗ್ಗೆ ಮುಂದೆ ಯಾರನ್ನೂ ಕೇಳಲಾಗುವುದಿಲ್ಲ. ಕಚೇರಿಗೆ ಹೋಗಲಾಗದವರು ರಾಜ್ಯ ಸರಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಬಹುದು. ಜಾತಿ, ಆದಾಯ ಪ್ರಮಾಣಪತ್ರದಂಥ ಸೇವೆ ತಡವಾದರೆ ಸಕಾಲ ಕಾಯಿದೆಯಂತೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಸಣ್ಣದು. ಆದರೆ ತಡ ಮಾಡಿದವರು ಯಾರು ಎಂಬುದು ಅದರಿಂದ ದಾಖಲೆಗೆ ಬರುತ್ತದೆ.

ಲಂಚ ಕೇಳಿದರೆ?

ಲೋಕಾಯುಕ್ತಕ್ಕೆ ಹೋಗಿ. 2016ರಲ್ಲಿ ರಚಿಸಿದ್ದ ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಮಾಡಿದ ಮೇಲೆ ಈ ಪ್ರಕರಣಗಳು ಮತ್ತೆ ಲೋಕಾಯುಕ್ತ ಪೊಲೀಸರ ಕೈಗೆ ಬಂದಿವೆ. ಕೊಡುವ ಮೊದಲೇ ಹೋಗುವುದು ಉತ್ತಮ. ಭ್ರಷ್ಟಾಚಾರ ತಡೆ ಕಾಯಿದೆಗೆ ಆದ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನಗಳೊಳಗೆ ತಿಳಿಸಿದರೆ ಮಾತ್ರ ಅವರಿಗೆ ರಕ್ಷಣೆ.

ಮಾಹಿತಿ ಹಕ್ಕಿನ ಅರ್ಜಿಯನ್ನು ಸಿಟ್ಟಿನಲ್ಲಿ ಹಾಕಬಹುದೇ?

ಸಿಟ್ಟಿನಲ್ಲಿ ನಿರ್ಧರಿಸಿ, ಸಮಾಧಾನದಲ್ಲಿ ಬರೆಯಿರಿ. ‘ಏಕೆ ಕೆಲಸ ಮಾಡುತ್ತಿಲ್ಲ?’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂಬ ಉತ್ತರ ಬರುತ್ತದೆ. ‘ಇಂತಹ ರಸ್ತೆಯ ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿ ಮತ್ತು ಬಿಲ್ ಪಾವತಿಯ ವಿವರ ಕೊಡಿ’ ಎಂದು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. 2005ರ ಕಾಯಿದೆಯಂತೆ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಈ ಮಿತಿಯನ್ನು ಹಲವರು ಅಡ್ಡಿಯೆಂದು ದೂರುತ್ತಾರೆ, ಆ ದೂರಿನಲ್ಲಿ ಹುರುಳೂ ಇದೆ. ಆದರೆ ಹತ್ತು ವರ್ಷದ ಬೇಗುದಿಯನ್ನು 150 ಪದಗಳಿಗೆ ಇಳಿಸುವಾಗ ನಿಜವಾಗಿ ನಮಗೆ ಬೇಕಾದ್ದು ಏನೆಂಬುದು ನಮಗೇ ಸ್ಪಷ್ಟವಾಗುತ್ತದೆ.

ಉತ್ತರ ಬಾರದಿದ್ದರೆ 30 ದಿನಗಳೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಿಗೆ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಹೋಗಬಹುದು. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ವಿಧಿಸಲು ಆಯೋಗಕ್ಕೆ ಅಧಿಕಾರವಿದೆ.

ಗ್ರಾಮಸಭೆ ಬರೀ ಗಲಾಟೆ. ಹೋಗಿ ಪ್ರಯೋಜನವೇನು?

ಗಲಾಟೆ ಆಗುವುದು ಅದು ಜೀವಂತವಾಗಿದೆ ಎಂಬುದರ ಗುರುತು. 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಕನಿಷ್ಠ ಆರು ತಿಂಗಳಿಗೊಮ್ಮೆ ಗ್ರಾಮಸಭೆ ಸೇರಲೇಬೇಕು, ಅದಕ್ಕೆ ಮೊದಲು ವಾರ್ಡ್ ಸಭೆಗಳೂ ನಡೆಯಬೇಕು. ಮೆಸ್ಕಾಂ, ಕಂದಾಯ, ಆರೋಗ್ಯ, ಅರಣ್ಯ ಇಲಾಖೆಗಳವರನ್ನು ನಾವು ಒಂದೇ ಚಾವಣಿಯ ಕೆಳಗೆ, ಮೈಕಿನ ಮುಂದೆ, ಹೆಸರು ಹಿಡಿದು ಪ್ರಶ್ನಿಸಬಹುದಾದ ಜಾಗ ಬೇರೆ ಯಾವುದಿದೆ? ಬಾರದ ಇಲಾಖೆಯ ಗೈರುಹಾಜರಿಯನ್ನು ದಾಖಲಿಸಿ ಎಂದು ಪಟ್ಟುಹಿಡಿಯಿರಿ. ಸಭೆ ಮುಗಿದ ಮೇಲೆ ನಿರ್ಣಯ ಪುಸ್ತಕದಲ್ಲಿ ನಿಮ್ಮ ಮಾತು ಏರಿದೆಯೇ ಎಂದು ನೋಡದೆ ಮನೆಗೆ ಬರಬೇಡಿ, ಏಕೆಂದರೆ ನಿರ್ಣಯವಾಗದ ಮಾತು ಮುಂದಿನ ಸಭೆಯಲ್ಲಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಕಸ್ತೂರಿರಂಗನ್ ವರದಿಯ ವಿಷಯದಲ್ಲಿ ಘಟ್ಟದಂಚಿನ ಗ್ರಾಮಗಳು ಮೆರವಣಿಗೆ ಮಾಡಿದ್ದು ಮಾತ್ರವಲ್ಲ, ನಿರ್ಣಯಗಳನ್ನೂ ಅಂಗೀಕರಿಸಿದವು; ಕರಡು ಅಧಿಸೂಚನೆಗೆ ಆಕ್ಷೇಪ ಸಲ್ಲಿಸಲು ಕೊಡುವ 60 ದಿನಗಳಲ್ಲಿ ಲೆಕ್ಕಕ್ಕೆ ಬರುವುದು ಬರೆದು ಕಳುಹಿಸಿದ ಆಕ್ಷೇಪವೇ.

ಮಂಗಳೂರು ನಗರದವರಿಗೆ ಪಾಲಿಕೆಯ 60 ವಾರ್ಡುಗಳಲ್ಲಿ ವಾರ್ಡ್ ಸಮಿತಿಗಳಿಗೆ ಕಾನೂನಿನ ಆಧಾರವಿದೆ. ಅವು ಕ್ರಮವಾಗಿ ಸೇರುವಂತೆ ಒತ್ತಾಯಿಸುವುದೇ ನಗರದ ನಾಗರಿಕರ ಮೊದಲ ಕೆಲಸವಾಗಬೇಕೆಂದು ನನ್ನ ಅಭಿಪ್ರಾಯ.

ಪ್ರತಿಭಟನೆಗೆ ಅನುಮತಿ ಬೇಕೇ?

ಸೇರುವ ಹಕ್ಕು ಸಂವಿಧಾನದ್ದು. ಸ್ಥಳ, ಸಮಯ, ಧ್ವನಿವರ್ಧಕ, ವಾಹನ ಸಂಚಾರ ಇವುಗಳನ್ನು ನಿಯಂತ್ರಿಸುವ ಅಧಿಕಾರ ಪೊಲೀಸರದು. ಮಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರ ವ್ಯವಸ್ಥೆಯಿದೆ. ಉಡುಪಿಯಲ್ಲಿ ಸ್ಥಳೀಯ ಠಾಣೆ ಮತ್ತು ಜಿಲ್ಲಾ ಪೊಲೀಸರಿಗೆ ತಿಳಿಸಬೇಕು. ಎಷ್ಟು ಜನ, ಎಷ್ಟು ಹೊತ್ತು, ಹೊಣೆ ಯಾರದು ಎಂದು ಬರೆದು ಮುಂಚಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಜ್ಜರಕಾಡಿನ ಹುತಾತ್ಮ ಸ್ಮಾರಕದ ಮುಂದೆ ಐವತ್ತು ಜನ ಒಂದು ಗಂಟೆ ಶಿಸ್ತಿನಿಂದ ನಿಂತು ಒಂದೇ ಬೇಡಿಕೆ ಓದಿದ ಸಭೆಗಳು, ಸಾವಿರ ಜನ ಸೇರಿ ಹತ್ತು ಬೇಡಿಕೆ ಕೂಗಿದ ಸಭೆಗಳಿಗಿಂತ ಹೆಚ್ಚು ಫಲ ಕೊಟ್ಟದ್ದನ್ನು ನೋಡಿದ್ದೇನೆ.

ನಿಷೇಧಾಜ್ಞೆ ಇದ್ದಾಗ ಮಾತ್ರ ಎಚ್ಚರವಿರಲಿ. ಹಿಂದೆ 144ನೆಯ ಕಲಂ ಎನ್ನುತ್ತಿದ್ದುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಂ ಆಗಿದೆ. ಭಿನ್ನಾಭಿಪ್ರಾಯದ ನ್ಯಾಯಯುತ ಅಭಿವ್ಯಕ್ತಿಯನ್ನು ಹತ್ತಿಕ್ಕಲು ಈ ಅಧಿಕಾರವನ್ನು ಬಳಸಬಾರದೆಂದು ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಹೇಳಿದೆ. ಆಜ್ಞೆ ತಪ್ಪೆನಿಸಿದರೆ ಅದನ್ನು ಪ್ರಶ್ನಿಸಬೇಕಾದದ್ದು ನ್ಯಾಯಾಲಯದಲ್ಲಿ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ನಿಷೇಧಾಜ್ಞೆಯ ನಡುವೆ ನಡೆದ ಪೌರತ್ವ ಕಾಯಿದೆ ವಿರೋಧಿ ಪ್ರತಿಭಟನೆ ಪೊಲೀಸ್ ಗೋಲಿಬಾರಿನಲ್ಲಿ ಕೊನೆಗೊಂಡು ಇಬ್ಬರು ಪ್ರಾಣ ಕಳೆದುಕೊಂಡರು. ಅಂದು ಸಂಜೆ ಊರಿನಲ್ಲಿ ಕವಿದ ಮೌನವನ್ನು ನೆನೆದರೆ ಇಂದಿಗೂ ಎದೆ ಭಾರವಾಗುತ್ತದೆ. ಹೊಣೆ ಯಾರದೆಂಬ ವಾದ ಏನೇ ಇರಲಿ, ಆ ಎರಡು ಮನೆಗಳಿಗೆ ಆದ ನಷ್ಟವನ್ನು ಯಾವ ತೀರ್ಮಾನವೂ ತುಂಬಿಕೊಡಲಾರದು.

ರಸ್ತೆ ತಡೆ ಮಾಡದಿದ್ದರೆ ಯಾರೂ ತಿರುಗಿ ನೋಡುವುದಿಲ್ಲವಲ್ಲ?

ಈ ಮಾತನ್ನು ನಾನು ತಳ್ಳಿಹಾಕಲಾರೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾಯಿತು. ದಿನಗಳು ಉರುಳಿದರೂ ಸುಳಿವಿಲ್ಲದೆ ಮನೆಯವರು ಕಣ್ಣೀರಿಡುತ್ತಿದ್ದಾಗ, 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಕಸುಬು ನಿಲ್ಲಿಸಿ ಮಲ್ಪೆಯಿಂದ ಮೆರವಣಿಗೆ ಹೊರಟು ಅಂಬಲಪಾಡಿಯಲ್ಲಿ ಹೆದ್ದಾರಿ ತಡೆದರು. ಸಮುದ್ರದಲ್ಲಿ ನಡೆದದ್ದು ಅಂದಿನಿಂದ ರಾಜ್ಯದ ಸುದ್ದಿಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ನೌಕಾಪಡೆ ಮಹಾರಾಷ್ಟ್ರದ ಮಾಲ್ವಣದ ಬಳಿ ಬೋಟಿನ ಅವಶೇಷವನ್ನು ಪತ್ತೆಮಾಡಿತು. ಅಂದು ರಸ್ತೆಗೆ ಇಳಿದವರನ್ನು ತಪ್ಪುಗಾರರೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 7ರಂದು ತೀರ್ಪು ಕೊಟ್ಟಿದೆ. ಬಲವಂತದ ಬಂದ್ ಸಂವಿಧಾನಬಾಹಿರವೆಂದು ನೆರೆಯ ಕೇರಳದ ಹೈಕೋರ್ಟ್ 1997ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಬಸ್ಸಿಗೆ ಕಲ್ಲು ಬಿದ್ದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯಿದೆ ಅನ್ವಯವಾಗುತ್ತದೆ, ಮತ್ತು ಪ್ರಕರಣಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವನು ಕರೆ ಕೊಟ್ಟ ನಾಯಕನಲ್ಲ, ಇಪ್ಪತ್ತರ ಹರೆಯದ ಹುಡುಗ. ಪಾಸ್‌ಪೋರ್ಟ್ ಸಿಗದೆ ಗಲ್ಫಿನ ಕೆಲಸ ಕೈತಪ್ಪಿದವರ ತಾಯಂದಿರು ನನ್ನ ಜಗಲಿಯಲ್ಲಿ ಕುಳಿತು ಅತ್ತದ್ದಿದೆ. ಬಂದ್ ದಿನ ನಷ್ಟವಾಗುವುದೂ ಮೀನು ಮಾರುವ ಹೆಂಗಸಿಗೆ, ರಿಕ್ಷಾದವರಿಗೆ, ವೆನ್ಲಾಕ್ ಆಸ್ಪತ್ರೆಗೆ ದೂರದೂರಿನಿಂದ ಬರುವ ರೋಗಿಗೆ. ನಿಮ್ಮ ಸಿಟ್ಟಿಗೆ ಗುರಿಯಾದವರ ದಿನಚರಿ ಅಂದು ಕದಲುವುದೇ ಇಲ್ಲ.

ಹೋರಾಟ ಗೆದ್ದ ಉದಾಹರಣೆ ನಮ್ಮಲ್ಲಿದೆಯೇ?

ಇದೆ. ನಂದಿಕೂರಿನಲ್ಲಿ ಉಷ್ಣವಿದ್ಯುತ್ ಸ್ಥಾವರ ಕಟ್ಟಲು ಬಂದ ಕೊಜೆಂಟ್ರಿಕ್ಸ್ ಕಂಪೆನಿ ದೀರ್ಘಕಾಲದ ವಿರೋಧ ಮತ್ತು ಕೋರ್ಟು ವ್ಯವಹಾರಗಳ ನಂತರ 1999ರಲ್ಲಿ ಹಿಂದೆ ಸರಿಯಿತು. ಅದೇ ನಂದಿಕೂರಿನ ಬಳಿ ಮುಂದೆ ಬೇರೆ ಕಂಪೆನಿಯ ಕಲ್ಲಿದ್ದಲು ಸ್ಥಾವರ ತಲೆಯೆತ್ತಿತು ಎಂಬುದನ್ನೂ ಮರೆಮಾಚದೆ ಹೇಳಬೇಕು. ಗೆಲುವನ್ನು ಕಾಯುವವರಿಲ್ಲದಿದ್ದರೆ ಅದು ಕೈಜಾರುತ್ತದೆ.

ಹತ್ತಿರದ ಉದಾಹರಣೆ ಸುರತ್ಕಲ್‌ನ ಟೋಲ್ ಗೇಟ್. ಹೆಜಮಾಡಿಯ ಟೋಲ್‌ನಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಇನ್ನೊಂದು ಟೋಲ್ ಇದ್ದುದು ಜನರನ್ನು ಕೆರಳಿಸಿತ್ತು. ಹೋರಾಟ ಸಮಿತಿ ಅದನ್ನು ‘ಅನ್ಯಾಯ’ ಎಂದು ಕರೆದಷ್ಟಕ್ಕೇ ನಿಲ್ಲಿಸದೆ, ಎರಡು ಟೋಲ್‌ಗಳ ನಡುವೆ ಸಾಮಾನ್ಯವಾಗಿ 60 ಕಿಲೋಮೀಟರು ಅಂತರವಿರಬೇಕೆಂಬ ಹೆದ್ದಾರಿ ಶುಲ್ಕ ನಿಯಮವನ್ನು ಮುಂದಿಟ್ಟಿತು. 2022ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು 60 ಕಿಲೋಮೀಟರಿನೊಳಗಿನ ಎರಡನೆಯ ಟೋಲ್‌ಗಳನ್ನು ಮೂರು ತಿಂಗಳಲ್ಲಿ ಮುಚ್ಚಲಾಗುವುದೆಂದು ಲೋಕಸಭೆಯಲ್ಲಿ ಹೇಳಿದಾಗ, ಆ ಮಾತೇ ಹೋರಾಟಗಾರರ ಕೈಯಲ್ಲಿ ದಾಖಲೆಯಾಯಿತು. ಅಕ್ಟೋಬರ್ 18ರಂದು ಟೋಲ್‌ಗೆ ಮುತ್ತಿಗೆ, ಅಕ್ಟೋಬರ್ 28ರಿಂದ ಹಗಲು ರಾತ್ರಿ ಧರಣಿ. ಬೇರೆ ಬೇರೆ ಪಕ್ಷಗಳ, ಸಂಘಟನೆಗಳ, ಧರ್ಮಗಳ ಜನ ಒಂದೇ ಚಪ್ಪರದ ಕೆಳಗೆ ಕುಳಿತರು. 2022ರ ಡಿಸೆಂಬರ್ 1ರಂದು ಅಲ್ಲಿ ಶುಲ್ಕ ವಸೂಲಿ ನಿಂತಿತು.

ಒಂದೇ ಬೇಡಿಕೆ, ಅದಕ್ಕೆ ನಿಯಮದ ಬೆಂಬಲ, ಉತ್ತರ ಕೊಡಬೇಕಾದ ಕಚೇರಿಯ ಸ್ಪಷ್ಟ ಹೆಸರು, ಮತ್ತು ದಿನ ಕಳೆದರೂ ಏಳದ ಹಟ. ಅಲ್ಲಿ ಕಂಡದ್ದು ಇವು. ಚಪ್ಪರದ ಕೆಳಗೆ ಪಕ್ಕದಲ್ಲಿ ಕುಳಿತವನ ಹೆಸರು ಯಾವ ಸಮುದಾಯದ್ದು ಎಂದು ಯಾರೂ ವಿಚಾರಿಸದ ಆ ದಿನಗಳು, ನಮ್ಮ ಜಿಲ್ಲೆಯ ಇತ್ತೀಚಿನ ಚರಿತ್ರೆಯಲ್ಲಿ ಎಷ್ಟು ಅಮೂಲ್ಯವಾದವು ಎಂಬುದು ಮುಂದಿನ ಉತ್ತರವನ್ನು ಓದಿದರೆ ತಿಳಿಯುತ್ತದೆ.

ರಾಜಕೀಯದ ಸಿಟ್ಟು ಕೊನೆಗೆ ಹಿಂದೂ-ಮುಸ್ಲಿಂ ಜಗಳವಾಗುವುದು ಏಕೆ?

ಇಡೀ ಪುಟದಲ್ಲಿ ನನಗೆ ಅತ್ಯಂತ ಕಷ್ಟವಾದ ಪ್ರಶ್ನೆ ಇದು. 2025ರ ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗಿನ ಒಂದು ತಿಂಗಳಲ್ಲಿ ದಕ್ಷಿಣ ಕನ್ನಡ ಮೂರು ಕೊಲೆಗಳನ್ನು ಕಂಡಿತು. ಅಂಗಡಿಗಳು ಮುಚ್ಚಿದವು, ನಿಷೇಧಾಜ್ಞೆ ಬಂತು, ಮಕ್ಕಳನ್ನು ಶಾಲೆಗೆ ಕಳುಹಿಸಲು ತಾಯಂದಿರು ಹೆದರಿದರು. ಜೂನ್‌ನಲ್ಲಿ ಸರಕಾರ ಕರಾವಳಿಗಾಗಿ ವಿಶೇಷ ಕಾರ್ಯಪಡೆಯನ್ನೇ ರಚಿಸಬೇಕಾಯಿತು.

ಕೆಲಸ ಸಿಗದ ಹುಡುಗನ ಬೇಸರಕ್ಕೆ ನಿಜವಾದ ಕಾರಣಗಳಿವೆ. ಆದರೆ ಆ ಕಾರಣಗಳು ಅವನ ಕಣ್ಣಿಗೆ ಕಾಣುವುದಿಲ್ಲ. ಅವು ಬೆಂಗಳೂರಿನ, ದೆಹಲಿಯ ಕಡತಗಳಲ್ಲಿವೆ. ಕಾಣುವುದು ಪಕ್ಕದ ಮನೆಯವನು. ದೂರದ ಕಚೇರಿಯನ್ನು ಪ್ರಶ್ನಿಸಲು ಓದಬೇಕು, ಬರೆಯಬೇಕು, ಕಾಯಬೇಕು. ಪಕ್ಕದವನನ್ನು ದ್ವೇಷಿಸಲು ಏನೂ ಬೇಡ, ಯಾರೋ ಕಳುಹಿಸಿದ ಒಂದು ಸಂದೇಶ ಸಾಕು. ಹೀಗೆ ದಿಕ್ಕು ತಪ್ಪಿದ ಸಿಟ್ಟಿನಿಂದ ಲಾಭ ಪಡೆಯುವವರು ಎಲ್ಲ ಕಡೆಯೂ ಇದ್ದಾರೆ, ಏಕೆಂದರೆ ನೆರೆಯವನ ಮೇಲೆ ಕಣ್ಣಿಟ್ಟ ಜನ ಕುಡಿಯುವ ನೀರಿನ ಲೆಕ್ಕ ಕೇಳುವುದಿಲ್ಲ.

ಆದ್ದರಿಂದ ಮೇಲೆ ಹೇಳಿದ ಮೂರು ಪ್ರಶ್ನೆಗಳನ್ನು ಇಲ್ಲಿಯೂ ಕೇಳಿಕೊಳ್ಳಿ. ನಿಮ್ಮ ಕೋಪಕ್ಕೆ ಗುರಿಯಾದ ಮನುಷ್ಯ ಯಾವ ಆದೇಶಕ್ಕೆ ಸಹಿ ಹಾಕಿದ್ದಾನೆ? ಯಾವ ಕಡತವನ್ನು ತಡೆದಿದ್ದಾನೆ? ನಿಮ್ಮ ಮಗನ ಕೆಲಸ, ನಿಮ್ಮ ಬಾವಿಯ ನೀರು, ನಿಮ್ಮ ಅಡಿಕೆಯ ಬೆಲೆ ಅವನ ಕೈಯಲ್ಲಿದೆಯೇ? ಇಲ್ಲವೆಂದಾದರೆ ಸಿಟ್ಟು ತಪ್ಪು ಮನೆಯ ಬಾಗಿಲು ತಟ್ಟಿದೆ.

ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಮುಂದೆ ಕಳುಹಿಸಿದರೆ ತಪ್ಪೇನು?

ಸರಕಾರವನ್ನು ಟೀಕಿಸುವುದು ಅಪರಾಧವಲ್ಲ. ಆನ್‌ಲೈನ್ ಟೀಕೆಗಾಗಿ ಬಂಧಿಸಲು ಬಳಕೆಯಾಗುತ್ತಿದ್ದ ಐಟಿ ಕಾಯಿದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದುಮಾಡಿದೆ. ಸಮುದಾಯಗಳ ನಡುವೆ ದ್ವೇಷ ಹರಡುವುದು ಮಾತ್ರ ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆಗೆ ಅರ್ಹವಾದ ಅಪರಾಧ.

ಒಮ್ಮೆ ಉದ್ವಿಗ್ನ ದಿನವೊಂದರಲ್ಲಿ ನಾನೂ ಒಂದು ಧ್ವನಿ ಸಂದೇಶವನ್ನು ಪರಿಶೀಲಿಸದೆ ಮನೆಯವರ ಗುಂಪಿಗೆ ಕಳುಹಿಸಿದ್ದೆ. ಅರ್ಧ ಗಂಟೆಯೊಳಗೆ ಗೆಳೆಯರೊಬ್ಬರು ಕರೆ ಮಾಡಿ, ‘ಅಣ್ಣಾ, ಆ ಜಾಗದಲ್ಲಿ ನಾನೇ ನಿಂತಿದ್ದೇನೆ, ಇಲ್ಲಿ ಏನೂ ಆಗಿಲ್ಲ’ ಎಂದರು. ಅಳಿಸಿದೆ. ಅಷ್ಟರಲ್ಲಿ ಅದು ಎಷ್ಟು ಫೋನುಗಳಿಗೆ ಹೋಗಿತ್ತೋ ತಿಳಿಯಲಿಲ್ಲ. ಆ ಸಂಕೋಚ ಇನ್ನೂ ನನ್ನಲ್ಲಿದೆ.

ಮತದಾನ ಬಹಿಷ್ಕಾರ ಅಥವಾ ನೋಟಾ ಒತ್ತುವುದು ಒಳ್ಳೆಯ ದಾರಿಯೇ?

ಎರಡೂ ಒಂದೇ ಅಲ್ಲ. ಸೇತುವೆಗಾಗಿ, ರಸ್ತೆಗಾಗಿ ‘ಮತದಾನ ಬಹಿಷ್ಕಾರ’ದ ಬ್ಯಾನರ್ ಕಟ್ಟುವ ಊರುಗಳಿಗೆ ಚುನಾವಣೆಗೆ ಮುನ್ನ ಅಧಿಕಾರಿಗಳು ಬಂದು ಮಾತಾಡುತ್ತಾರೆ, ನಿಜ. ಆ ಮಾತನ್ನು ಬರಹದಲ್ಲಿ ಪಡೆದುಕೊಂಡು ಮತ ಹಾಕುವುದು ಜಾಣತನ. ನಿಜವಾಗಿಯೂ ಮತ ಹಾಕದೆ ಉಳಿದರೆ, ನಿಮ್ಮನ್ನು ಕಡೆಗಣಿಸಿದವನಿಗೆ ನಿಮ್ಮಿಂದ ತೊಂದರೆಯಿಲ್ಲವೆಂದು ನೀವೇ ಹೇಳಿದಂತಾಯಿತು.

2013ರ ಸೆಪ್ಟೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ನೋಟಾ, ಬೇಸರವನ್ನು ಎಣಿಕೆಗೆ ತರುತ್ತದೆ. 2012ರಲ್ಲಿ ನಡೆದ ವಿದ್ಯಾರ್ಥಿನಿಯೊಬ್ಬಳ ಅತ್ಯಾಚಾರ ಮತ್ತು ಕೊಲೆಗೆ ನ್ಯಾಯ ಸಿಗಲಿಲ್ಲವೆಂಬ ಆಕ್ರೋಶದಿಂದ 2024ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಕನ್ನಡದಲ್ಲಿ ನೋಟಾ ಅಭಿಯಾನ ನಡೆದು, 23 ಸಾವಿರಕ್ಕೂ ಹೆಚ್ಚು ಮತಗಳು ಅದಕ್ಕೆ ಬಿದ್ದವು. ನೋಟಾಗೆ ಅತಿ ಹೆಚ್ಚು ಮತ ಬಂದರೂ ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ನಂತರದ ಸ್ಥಾನದ ಅಭ್ಯರ್ಥಿಯೇ ಗೆಲ್ಲುತ್ತಾನೆ. ಆದರೂ ಅಷ್ಟೊಂದು ಜನ ಬಿಸಿಲಲ್ಲಿ ಸಾಲು ನಿಂತು ಆ ಗುಂಡಿ ಒತ್ತಿದ್ದನ್ನು ವ್ಯರ್ಥವೆನ್ನಲು ನಾನು ಸಿದ್ಧನಿಲ್ಲ. ಒಂದು ಕುಟುಂಬದ ದುಃಖ ಅಂದು ಚುನಾವಣಾ ದಾಖಲೆಯನ್ನು ಸೇರಿತು.

ನಾನು ಒಂದು ಪಕ್ಷದ ಕಾರ್ಯಕರ್ತ. ನನ್ನ ಪಕ್ಷದ ಮೇಲೆಯೇ ಸಿಟ್ಟು ಬಂದರೆ?

ನಿಮ್ಮ ಸಿಟ್ಟಿಗೆ ಉಳಿದವರ ಸಿಟ್ಟಿಗಿಂತ ತೂಕ ಹೆಚ್ಚು. ವಿರೋಧಿಯ ಟೀಕೆಯನ್ನು ನಾಯಕರು ನಿರೀಕ್ಷಿಸಿರುತ್ತಾರೆ. ಬೂತ್ ಮಟ್ಟದಲ್ಲಿ ಮನೆ ಮನೆ ತಿರುಗಿದವನು ‘ಮುಂದಿನ ಸಲ ನಾನು ಚೀಟಿ ಹಂಚಲು ಹೋಗುವುದಿಲ್ಲ’ ಎಂದರೆ ಅವರಿಗೆ ನಿದ್ದೆ ಬರುವುದಿಲ್ಲ. ಪಕ್ಷ ಬಿಡಬೇಕೆಂದಿಲ್ಲ, ಆದರೆ ನಿಮ್ಮ ವಾರ್ಡಿನ ಜನರ ಮನವಿಗೆ ನಿಮ್ಮ ಸಹಿಯೂ ಇರಲಿ.

ಕೋರ್ಟಿಗೆ ಹೋಗಬಹುದೇ?

ಹೋಗಬಹುದು, ಆದರೆ ಅದನ್ನು ಕೊನೆಯ ಮೆಟ್ಟಿಲಾಗಿ ಇಟ್ಟುಕೊಳ್ಳಿ. ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಬೆಂಗಳೂರಿನ ಹೈಕೋರ್ಟಿನವರೆಗೆ ಸುಮಾರು 350 ಕಿಲೋಮೀಟರು ಹೋಗಬೇಕು. ಮಂಗಳೂರಿಗೆ ಹೈಕೋರ್ಟ್ ಪೀಠ ಬೇಕೆಂಬ ಬೇಡಿಕೆ ಇದೇ ಕಾರಣಕ್ಕೆ ನ್ಯಾಯವಾದುದೆಂದು ನಾನು ನಂಬಿದ್ದೇನೆ. ಪರಿಸರದ ವಿಷಯಕ್ಕೆ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈಯಲ್ಲಿದೆ. ಅಷ್ಟು ದೂರ ಹೋಗುವ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯವೆಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ನ್ಯಾಯಾಧೀಶರು ಮೊದಲು ಕೇಳುವುದು ‘ಸಂಬಂಧಪಟ್ಟ ಕಚೇರಿಗೆ ಬರೆದಿದ್ದೀರಾ?’ ಎಂದು. ಮುದ್ರೆ ಹಾಕಿಸಿಕೊಂಡ ಹಳೆಯ ಮನವಿಗಳು ಆಗ ಕೈಹಿಡಿಯುತ್ತವೆ.

ರಾಜಕೀಯದ ಜಗಳದಿಂದ ನಮ್ಮ ಮನೆಯಲ್ಲಿ ಅಣ್ಣ-ತಮ್ಮಂದಿರು ಮಾತು ಬಿಟ್ಟಿದ್ದಾರೆ. ಇದಕ್ಕೂ ನಿಮ್ಮಲ್ಲಿ ಉತ್ತರವಿದೆಯೇ?

ಪೂರ್ತಿ ಉತ್ತರ ನನ್ನಲ್ಲಿಲ್ಲ. ಚುನಾವಣೆ ಮುಗಿದು ವರ್ಷವಾದರೂ ಕುಟುಂಬದ ಭೂತಕೋಲಕ್ಕೆ ಒಬ್ಬ ಬಂದರೆ ಇನ್ನೊಬ್ಬ ಬಾರದ ಮನೆಗಳನ್ನು ಬಲ್ಲೆ. ಅಂಥ ಒಂದು ಮನೆಯ ಇಬ್ಬರು ಅಣ್ಣ-ತಮ್ಮಂದಿರು ಕಳೆದ ಮಳೆಗಾಲದಲ್ಲಿ ಬೇರೆ ಬೇರೆ ದಿನ ನನ್ನ ಬಳಿ ಬಂದಿದ್ದರು, ಇಬ್ಬರದೂ ಒಂದೇ ದೂರು: ಮನೆಗೆ ಹೋಗುವ ದಾರಿಯ ಮೋರಿ ಕುಸಿದಿದೆ. ಎರಡು ಅರ್ಜಿ ಬರೆಯುವುದಿಲ್ಲ, ಒಂದೇ ಹಾಳೆಯಲ್ಲಿ ಇಬ್ಬರ ಸಹಿ ಬೇಕು ಎಂದೆ. ಮೊದಲು ದೊಡ್ಡವರು ಬಂದು ಸಹಿ ಹಾಕಿ ಹೋದರು. ನಾಲ್ಕು ದಿನ ಆ ಹಾಳೆ ನನ್ನ ಮೇಜಿನ ಮೇಲೆಯೇ ಇತ್ತು. ಐದನೆಯ ದಿನ ಬೆಳಿಗ್ಗೆ ಚಿಕ್ಕವರು ಬಂದು, ಅಣ್ಣನ ಹೆಸರಿನ ಕೆಳಗೆ ತಮ್ಮ ಹೆಸರು ಬರೆದು, ಹಾಳೆಯನ್ನು ತಾವೇ ಪಂಚಾಯತಿಗೆ ಒಯ್ದರು.